ಒಂದು ಬೆಲ್ಟು, ಎರಡು ಕಡತ

ಸುರಕ್ಷತಾ ಸಪ್ತಾಹದ ಉದ್ಘಾಟನೆಗೆ ನಿರ್ದೇಶಕರನ್ನು ಕರೆದೊಯ್ಯುತ್ತಿದ್ದ ಕಚೇರಿಯ ಕಾರು ನಡುರಸ್ತೆಯಲ್ಲಿ ಕೈಕೊಟ್ಟಿತು. ಮೊದಲು ಬ್ಯಾಟರಿಯ ಕೆಂಪು ದೀಪ ಹೊತ್ತಿತು. ಸ್ಟೇರಿಂಗ್ ಕಲ್ಲಾಯಿತು. ಎರಡೇ ನಿಮಿಷದಲ್ಲಿ ಬಿಸಿ ತೋರಿಸುವ ಮುಳ್ಳು ನೆತ್ತಿಗೇರಿತು. ಡ್ರೈವರ್ ಕಾರನ್ನು ಪಕ್ಕಕ್ಕೆ ತಂದು ಇಂಜಿನ್ ಆರಿಸಿದ.

"ಇನ್ನು ಹತ್ತೇ ನಿಮಿಷದ ದಾರಿ, ಹೇಗೋ ಓಡಿಸು" ಎಂದರು ನಿರ್ದೇಶಕರು, ಭಾಷಣದ ಹಾಳೆಯಿಂದ ತಲೆ ಎತ್ತದೆ.

"ಓಡಿಸಿದ್ರೆ ಇಂಜಿನ್ನೇ ಹೋಗುತ್ತೆ ಸರ್."

ದೀಪವೊಂದೇ ಹೊತ್ತಿದ್ದರೆ ಡೈನಮೋ ಕೆಟ್ಟಿದೆ ಎನ್ನಬಹುದಿತ್ತು. ಬಿಸಿಯೊಂದೇ ಏರಿದ್ದರೆ ನೀರು ಸೋರಿದೆ ಎನ್ನಬಹುದಿತ್ತು. ಎರಡೂ ಒಟ್ಟಿಗೆ ಅಂದರೆ ಡೈನಮೋ, ನೀರಿನ ಪಂಪು ಎರಡನ್ನೂ ತಿರುಗಿಸುವ ಬೆಲ್ಟೇ ಹರಿದಿರಬೇಕು. ಬಾನೆಟ್ ಎತ್ತಿದರೆ ಅದು ಹಾವಿನ ಪೊರೆಯಂತೆ ಜೋತುಬಿದ್ದಿತ್ತು. ಡ್ರೈವರನಿಗೆ ಇಷ್ಟು ತಿಳಿಯಲು ಒಂದು ನಿಮಿಷ ಸಾಕಾಯಿತು.

ಕಚೇರಿಗೆ ಹದಿನಾಲ್ಕು ದಿನವೂ ಸಾಲಲಿಲ್ಲ. ನಿರ್ದೇಶಕರು ಬಾಡಿಗೆ ಗಾಡಿಯಲ್ಲಿ ಹೋಗಿ, ಮುಂಜಾಗ್ರತೆಯ ಮಹತ್ವ ಕುರಿತು ಮಾತಾಡಿ ಬಂದವರೇ ವಿಚಾರಣೆಗೆ ಆದೇಶಿಸಿದರು. ಬಿಸಿಯೇರಿದ್ದು ಯಂತ್ರ ವಿಭಾಗಕ್ಕೆ ಸೇರಿದ್ದು, ಚಾರ್ಜ್ ನಿಂತದ್ದು ವಿದ್ಯುತ್ ವಿಭಾಗಕ್ಕೆ. ಆದ್ದರಿಂದ ಎರಡು ಕಡತ, ಎರಡು ಸಮಿತಿ. ಕಾರಿನ ಬಳಿ ಮಾತ್ರ ಯಾರೂ ಸುಳಿಯಲಿಲ್ಲ. ವರ್ಕ್‌ಶಾಪಿನ ಮೆಕ್ಯಾನಿಕ್ ಅಕ್ಕ ಹರಿದ ಬೆಲ್ಟನ್ನು ತಂದು ಮೇಜಿನ ಮೇಲೆ ಹಾಕಿ, ಎರಡು ಕಾಯಿಲೆಗೂ ಮೂಲ ಇದೊಂದೇ ಎಂದಳು. ಸಮಿತಿಗಳು ಅದನ್ನು ಕಿರುಬೆರಳಲ್ಲಿ ಮುಟ್ಟಿ ನೋಡಿ, ಇದು ರಬ್ಬರು, ಉಗ್ರಾಣಕ್ಕೆ ಸೇರಿದ್ದು ಎಂದು ಅಲ್ಲಿಗೆ ಕಳಿಸಿದವು.

ಕೊನೆಗೆ ಎರಡೂ ಸಮಿತಿಗಳಿಗೆ ಒಮ್ಮತ ಮೂಡಿದ್ದು ಒಂದೇ ವಿಷಯದಲ್ಲಿ: ತಪ್ಪು ಡ್ರೈವರನದು. ಸಾಕ್ಷಿ ಗಾಡಿಯ ಪುಸ್ತಕ. ದಿನಾ ಬೆಳಿಗ್ಗೆ ಗಾಡಿಯ ಸ್ಥಿತಿ ಬರೆಯುವ ಕಡೆ ಅವನದೇ ಅಕ್ಷರದಲ್ಲಿ 'ಸರಿಯಿದೆ'.

ಮೂರು ತಿಂಗಳ ಹಿಂದೆ ಅವನು 'ಬೆಲ್ಟ್ ಬಿರುಕು ಬಿಟ್ಟಿದೆ' ಎಂದೇ ಬರೆದಿದ್ದ. ಗಾಡಿಗಳ ಮೇಲ್ವಿಚಾರಕ ಆ ಹಾಳೆ ಕಿತ್ತು ಬೇರೆ ಬರೆಸಿದ್ದ. ದೋಷ ಬರೆದ ಗಾಡಿ ಗೇಟು ದಾಟುವಂತಿಲ್ಲ, ಅದು ನಿಯಮ. ಸಾಹೇಬರು ಮನೆಯಲ್ಲಿ ಕಾಯುವಂತಿಲ್ಲ, ಅದು ನಿಯಮಕ್ಕೂ ದೊಡ್ಡದು. ಹೀಗಾಗಿ ಕಚೇರಿಯ ಹನ್ನೆರಡು ಗಾಡಿಗಳೂ ಕಾಗದದ ಮೇಲೆ ಒಂದು ನೆಗಡಿಯನ್ನೂ ಕಂಡಿರಲಿಲ್ಲ.

ಈಗ ಮೇಲ್ವಿಚಾರಕ ತಪ್ಪೊಪ್ಪಿಗೆ ಪತ್ರ ಮುಂದಿಟ್ಟ. ಸಹಿ ಹಾಕಿದರೆ ಗಾಡಿ ತೊಳೆಯುವ ಕೆಲಸ; ನಾಳೆ ಹತ್ತು ಗಂಟೆಯೊಳಗೆ ಹಾಕದಿದ್ದರೆ ಅದೂ ಇಲ್ಲ.

"ನೀವೇ ಬರೆಸಿದ್ದಲ್ವಾ ಸರ್?"

"ನಾನು ಬಾಯಲ್ಲಿ ಹೇಳಿದ್ದು, ನೀನು ಕೈಯಲ್ಲಿ ಬರ್ದಿದ್ದು. ಕಾಗದಕ್ಕೆ ಕಿವಿ ಇರಲ್ಲಪ್ಪ."

ಡ್ರೈವರುಗಳ ಕೋಣೆಯಲ್ಲಿ ಅವನು ಇದನ್ನು ಹೇಳಿದಾಗ ಪ್ರತಿಯೊಬ್ಬನಿಗೂ ತನ್ನ ಪುಸ್ತಕ ನೆನಪಾಯಿತು. ಬಾಗಿಲಲ್ಲಿ ನಿಂತು ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದ ಅಕ್ಕ ಹೇಳಿದಳು: "ನಾಳೆ ಕಂಡಿದ್ದನ್ನೇ ಬರೀರಿ ತಮ್ಮಾ. ಎಲ್ಲರೂ."

ಮರುದಿನ ಬೆಳಿಗ್ಗೆ ಹನ್ನೆರಡು ಪುಸ್ತಕಗಳು ಗೇಟಿಗೆ ಬಂದವು. 'ಹಿಂದಿನ ಬ್ರೇಕ್ ಸವೆದಿದೆ.' 'ಟಯರು ಬೋಳಾಗಿದೆ.' 'ಎಡಬಾಗಿಲನ್ನು ಹಗ್ಗದಲ್ಲಿ ಕಟ್ಟಿದೆ.' ನಮ್ಮವನದು: 'ಬೆಲ್ಟ್ ಹರಿದಿದೆ. ಉಗ್ರಾಣದಲ್ಲಿದೆ.' ಕಾವಲುಗಾರ ನಿಯಮದಂತೆ ಗೇಟು ತೆರೆಯಲಿಲ್ಲ.

ಹತ್ತಕ್ಕೆ ಐದು ನಿಮಿಷವಿದ್ದಾಗ ನಿರ್ದೇಶಕರು ಕೋಟನ್ನು ತೋಳಿಗೆ ಹಾಕಿಕೊಂಡು, ಏದುಸಿರು ಬಿಡುತ್ತ ನಡೆದು ಬಂದರು.

"ಯಾರದು ಈ ಕಿತಾಪತಿ?"

"ನಿಯಮದ್ದು ಸರ್" ಎಂದ ಕಾವಲುಗಾರ.

ಮೇಲ್ವಿಚಾರಕ ಡ್ರೈವರನ ಕಿವಿಯ ಬಳಿ ಬಗ್ಗಿ, ಇವತ್ತೊಂದಿನ 'ಸರಿಯಿದೆ' ಅಂತ ಬರೆದುಬಿಡು, ಎಲ್ಲರಿಗೂ ಹೇಳು ಎಂದು ಪಿಸುಗುಟ್ಟಿದ. ಡ್ರೈವರ್ ಒಂದು ಬಿಳಿ ಹಾಳೆ ಚಾಚಿದ.

"ಬಾಯಲ್ಲಿ ಬೇಡ ಸರ್. ಬರ್ದು ಕೊಡಿ."

ನಿರ್ದೇಶಕರು ಮೇಲ್ವಿಚಾರಕನನ್ನು ನೋಡಿದರು. ಮೇಲ್ವಿಚಾರಕ ಹಾಳೆಯನ್ನು ನೋಡಿದ. ಅವನ ಪೆನ್ನು ಜೇಬಿನಿಂದ ಹೊರಬರಲಿಲ್ಲ. ಕೈಯಲ್ಲಿದ್ದ ತಪ್ಪೊಪ್ಪಿಗೆ ಪತ್ರ ಮಾತ್ರ ಎರಡಾಗಿ, ನಾಲ್ಕಾಗಿ ಮಡಿಚಿಕೊಂಡು ಅದೇ ಜೇಬಿಗೆ ಇಳಿಯಿತು. ಗಡಿಯಾರ ಹತ್ತು ಹೊಡೆಯಿತು.