ದೇವರ ಹೂವಿನ ಚೀಲ

ಶಿವಮೊಗ್ಗದ ಆಲ್ಕೊಳದ ಒಂದು ನರ್ಸಿಂಗ್ ಹೋಮಿನಲ್ಲಿ ಶ್ರೀಗೌರಿ ಹಿರಿಯ ನರ್ಸ್. ಆಸ್ಪತ್ರೆಯ ಕಸದಲ್ಲಿ ಹಳದಿ ಚೀಲಕ್ಕೆ ಏನು, ಕೆಂಪು ಚೀಲಕ್ಕೆ ಏನು, ಸೂಜಿ ಯಾವ ಡಬ್ಬಿಗೆ ಎಂದು ಹೊಸ ಹುಡುಗಿಯರಿಗೆ ಪಾಠ ಹೇಳುವವಳು ಅವಳೇ. ತಪ್ಪಿದವರಿಗೆ ಮಂಗಳಾರತಿ ಗ್ಯಾರಂಟಿ.

ಆ ಗತ್ತೆಲ್ಲ ಭದ್ರಾವತಿ ಬಸ್ಸು ಹತ್ತುವವರೆಗೆ ಮಾತ್ರ. ಓಲ್ಡ್ ಟೌನಿನ ಮನೆಯಲ್ಲಿ ಬೆಳಿಗ್ಗೆ ಮಾವನಿಗೆ ಇನ್ಸುಲಿನ್ ಚುಚ್ಚಿದ ಮೇಲೆ, ಆ ಸೂಜಿಯನ್ನು ಅಡುಗೆಮನೆಯ ಬುಟ್ಟಿಗೆ ಹಾಕಲು ಮಡಿವಂತ ಅತ್ತೆ ಬಿಡುತ್ತಿರಲಿಲ್ಲ. ಬಸ್ಸಿನ ಅವಸರ ಬೇರೆ. ಗೇಟಿಗೆ ನೇತುಹಾಕಿದ ನಿರ್ಮಾಲ್ಯದ ಚೀಲದಲ್ಲಿ, ಬಾಡಿದ ಹೂವಿನ ನಡುವೆ ಅದನ್ನು ತುರುಕಿ ಓಡುತ್ತಿದ್ದಳು. ಮನೆಯೇನು ಆಸ್ಪತ್ರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಒಂದು ಸಂಜೆ ಮನೆಗೆ ಬಂದರೆ ಕಸದ ಗಾಡಿಯ ವಸಂತಮ್ಮ ಜಗುಲಿಯ ಮೇಲೆ ಕಾಯುತ್ತಿದ್ದಳು. ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಳು.

"ಸೂಜಿ ಚುಚ್ಚಿಬಿಡ್ತು ಸಿಸ್ಟರಮ್ಮ. ಬೀದಿ ಹೂವೆಲ್ಲ ಒಂದೇ ಚೀಲಕ್ಕೆ ಸುರ್ಕೊಂಡು ಅರಳಿಕಟ್ಟೇಲಿ ಹಾಕ್ತಿದ್ದೆ. ಯಾರ ಮನೇದೋ ಏನೋ."

ಕೈಯಲ್ಲಿದ್ದ ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದಳು. ಶ್ರೀಗೌರಿಯೇ ನರ್ಸಿಂಗ್ ಹೋಮಿನಿಂದ ತಂದ ಸಿರಿಂಜು.

"ಗ್ಲೌಸ್ ಹಾಕ್ಕೊಂಡಿರ್ಲಿಲ್ವಾ?" ಬಾಯಿಗೆ ಮೊದಲು ಬಂದದ್ದು ಪಾಠವೇ.

"ದೇವರ ಹೂವಲ್ವಾ? ಕಸ ಮುಟ್ಟಿದ ಗ್ಲೌಸಲ್ಲಿ ಹೆಂಗೆ ಮುಟ್ಲಿ? ಅದಕ್ಕೆ ಮಾತ್ರ ಬಿಚ್ಚಿಡ್ತೀನಿ."

ಶ್ರೀಗೌರಿ ನಾಚಿಕೆಯಿಂದ ಹಿಡಿಯಾದಳು. ನಲ್ಲಿಯ ಕೆಳಗೆ ಆ ಕೈ ಹಿಡಿದು ಸೋಪು ಹಾಕಿ ತೊಳೆದಳು.

"ಏಡ್ಸ್ ಗೀಡ್ಸ್ ಬಂದ್ಬಿಡ್ತದಾ ಅಮ್ಮ? ಮಗಳು ಬಾಣಂತಿ. ಮಗೂನ ಮಧ್ಯಾಹ್ನದಿಂದ ಮುಟ್ಟಿಲ್ಲ ನಾನು."

ಯಾರ ಸೂಜಿ ಎಂದು ತಿಳಿಯದಿದ್ದರೆ ಔಷಧಿ, ತಿಂಗಳುಗಟ್ಟಲೆ ರಕ್ತಪರೀಕ್ಷೆ, ಅಲ್ಲಿಯವರೆಗೂ ಇದೇ ಭಯ. ತಿಳಿದರೆ ಮಾವನ ರಕ್ತ ಪರೀಕ್ಷಿಸಬಹುದು, ಭಯ ಬೇಗ ಕಳೆಯಬಹುದು. ಅದಕ್ಕೆ ಒಂದು ಮಾತು ಸಾಕಿತ್ತು. ಶ್ರೀಗೌರಿ ಆ ಬೆರಳಿಗೆ ಮತ್ತೊಮ್ಮೆ ಸೋಪು ಹಚ್ಚಿದಳು.

"ಯಾರ ಮನೆಯವರೋ, ಸ್ವಲ್ಪವಾದ್ರೂ ಬುದ್ಧಿ ಬೇಡ್ವಾ?" ಎಂದು ಒಳಗಿನಿಂದ ಅತ್ತೆ ಗೊಣಗಿದರು. ಶ್ರೀಗೌರಿ ಹೂಂಗುಟ್ಟಿದಳು. ಆ ಹೂಂ ಕಿವಿಗೆ ಬಿದ್ದದ್ದೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ನಮ್ಮನೇದು ವಸಂತಮ್ಮ. ಆ ಚೀಲಕ್ಕೆ ಹಾಕಿದ್ದು ನಾನೇ."

ಇನ್ನೇನು ಬೈಗುಳ ಬೀಳುತ್ತದೆಂದು ತಲೆತಗ್ಗಿಸಿ ನಿಂತಳು. ವಸಂತಮ್ಮನ ಮುಖ ಮಾತ್ರ ಅರಳಿತು.

"ನಿಮ್ಮನೇದಾ? ಸದ್ಯ, ಬದುಕಿದೆ. ಯಾರೋ ತಿಳಿವಳಿಕೆ ಇಲ್ದೋರದು ಅಂತ ಹೆದರಿದ್ದೆ," ಎಂದು ಒದ್ದೆ ಕೈಗಳನ್ನು ಜೋಡಿಸಿ ಮುಗಿದಳು.

ಆ ಕೈಗಳನ್ನು ನೋಡಲಾರದೆ ಶ್ರೀಗೌರಿ ಮಾವನನ್ನು ಆಸ್ಪತ್ರೆಗೆ ಹೊರಡಿಸಲು ಒಳಗೆ ಹೋದಳು.