ಅಳಿಯಂದಿರ ಹೆಂಚು

ಮಗಳ ಗಂಡ, ನಮ್ಮ ಅಳಿಯಂದಿರು, ಹಾವುರಾಣಿ ಉಳಿಸುವ ಕೆಲಸದಲ್ಲಿದ್ದಾರೆ. ಹಾವಿಗೆ ಮೋಟುಕಾಲು ಅಂಟಿಸಿದಂತೆ ಮಿರಮಿರ ಮಿಂಚುವ ಪ್ರಾಣಿ ಅದು. ಅದರಲ್ಲೊಂದು ಅಪರೂಪದ ಜಾತಿ ನಮ್ಮ ಊರಲ್ಲಷ್ಟೇ ಉಳಿದಿದೆಯಂತೆ. ಅವು ಬಂದು ಅಡಗಿಕೊಳ್ಳಲಿ, ಆಮೇಲೆ ಎಣಿಸೋಣ ಅಂತ ನನ್ನ ಹಿತ್ತಲ ತುಂಬ ಹಳೇ ಹೆಂಚು ಹರಡಿದರು.

"ಅತ್ತೆ, ಮುಟ್ಟಬೇಡಿ," ಅಂದು ಹೊರಟರು.

ಅಂಥ ರಂಪ ಕಣ್ಣೆದುರಿಗಿರುವಾಗ ಸುಮ್ಮನಿರೋಕೆ ನಾನೇನು ಕಲ್ಲೇ? ಅವರು ಗೇಟು ದಾಟಿದ್ದೇ ತಡ, ಎಲ್ಲವನ್ನೂ ಒಂದರ ಮೇಲೊಂದು ಒಪ್ಪವಾಗಿ ಒಟ್ಟಿಟ್ಟೆ. ಅವರು ಮರಳುವ ದಿನ ಬೆಳಗ್ಗೆ ಪುನಃ ಹರಡಿದೆ. ಅಳಿಯಂದಿರ ಮನಸ್ಸು ನೋಯಬಾರದು ನೋಡಿ. ಹರಡುವಾಗ ಏನೋ ಸರಸರ ಹರಿದವು. ಕನ್ನಡಕ ಹಾಕಿರಲಿಲ್ಲ, ಜಿರಳೆ ಅಂತ ಪೊರಕೆಯಲ್ಲಿ ಓಡಿಸಿದೆ.

ಅಳಿಯಂದಿರು ಬಂದು ಒಂದೊಂದೇ ಹೆಂಚು ಮಗುಚಿ ಮುಖ ಜೋಲುಹಾಕಿದರು. "ಒಂದೂ ಇಲ್ಲ ಅತ್ತೆ."

"ಅಯ್ಯೋ ಪಾಪ," ಅಂದೆ.

ಮುಂದಿನ ಸಲ ಪುಣ್ಯಾತ್ಮರು ಹೇಳದೆ ಕೇಳದೆ ಒಂದು ದಿನ ಮೊದಲೇ ಬಂದುಬಿಟ್ಟರು. ಒಟ್ಟಿಟ್ಟ ಹೆಂಚು ನೋಡಿ ಅವರ ಮುಖ ಕೆಂಪಾಯಿತು. ಕೂಗಾಡಲು ಬಾಯಿ ತೆರೆದವರು ಮೇಲಿನ ಹೆಂಚು ಎತ್ತಿ, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಸಂದಿಗೊಂದರಂತೆ ಹಾವುರಾಣಿ, ಮಹಡಿ ಮಹಡಿಗೂ ಬಾಡಿಗೆಗೆ ಬಂದವರ ಹಾಗೆ!

"ಅತ್ತೆ, ಇನ್ಮೇಲೆ ಹೆಂಚು ನೀವೇ ಜೋಡಿಸಿ," ಅಂದರು.

ಕನ್ನಡಕ ಏರಿಸಿ ಬಗ್ಗಿ ನೋಡಿದೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಜೋಡಿಸಿಟ್ಟದ್ದನ್ನು ಕೆದಕಿ ಚೆಲ್ಲಾಡದೆ ಇದ್ದವರು ಈ ಮನೆಯಲ್ಲಿ ಇವೇ ಮೊದಲು.

ಅವರು ಇನ್ನೊಂದು ಹೆಂಚಿಗೆ ಕೈ ಹಾಕಿದರು.

"ಅಳಿಯಂದ್ರೇ," ಅಂದೆ, "ಮುಟ್ಟಬೇಡಿ."