ಟೀವಿಯೊಳಗೆ ಹೋದ ಕೌದಿ

ಆ ದಿನ ಬೆಳಗ್ಗೆ ತಿಕೋಟದ ಮೇಲೆ ಮೋಡ ತಗ್ಗಿ ನಿಂತಿತ್ತು. ಪುನರ್ವಸು ಮಳೆ ಬರುತ್ತೇನೆಂದು ಹೇಳಿ ತಾನು ಬಾರದೆ ಬರಿಯ ಗಾಳಿಯನ್ನು ಕಳಿಸಿತ್ತು. ಅದು ಪಡುವಣದಿಂದ ಬೀಸಿ ಅಂಗಳದ ಮಣ್ಣೆಬ್ಬಿಸಿ, ದನಗಳ ಕಣ್ಣಿಗೆ ತುಂಬಿ, ಸಾಲೆಯ ಮಾಳಿಗೆಯ ಮೇಲಿದ್ದ ಟೀವಿಯ ಛತ್ರಿಯನ್ನು ಅಲುಗಿಸುತ್ತಿತ್ತು. ಛತ್ರಿ ಎಂಬುದು ಊರವರು ಇಟ್ಟ ಹೆಸರು. ನೋಡುವುದಕ್ಕೆ ಅದು ಕೋಳಿಗೂಡಿನ ಜಾಳಿಗೆಯನ್ನು ದೊಡ್ಡ ಪರಾತದಂತೆ ಬಗ್ಗಿಸಿ ಆಕಾಶಕ್ಕೆ ಒಡ್ಡಿದ ಹಾಗಿತ್ತು.

ಹುಸೇನಬಿ ಐವತ್ತು ದಾಟಿದ ಹೆಂಗಸು, ಊರಿಗೆಲ್ಲ ಕೌದಿ ಹೊಲಿದು ಕೊಡುವವಳು. ಅಂಗಳದಲ್ಲಿ ಹಳೆಯ ಸೀರೆಗಳ ಪದರ ಹಾಸಲು ಅವಳು ಎರಡು ಸಲ ನೋಡಿದಳು. ಎರಡು ಸಲವೂ ಗಾಳಿ ಕಿತ್ತುಕೊಂಡು ಹೋಯಿತು. ಅವಳಿಗೆ ಸೀರೆಯ ಚಿಂತೆಗಿಂತ ಛತ್ರಿಯ ಚಿಂತೆ ದೊಡ್ಡದಾಗಿತ್ತು. "ಹಿಂಗ ಬೀಸಿದ್ರ ಸಂಜೀಕ ಚಿತ್ರ ಕುಣೀತಾವ" ಎಂದು ಗೊಣಗಿಕೊಳ್ಳುತ್ತಿರುವಾಗಲೇ ಜೀಪು ಬಂದು ನಿಂತು, ಅವಳ ಅಕ್ಕನ ಮಗ ಜಿಲಾನಿ ಇಳಿದ. ವಿಜಾಪುರದ ಇಬ್ರಾಹಿಂಪುರದಲ್ಲಿ ಅವನದೊಂದು ರೇಡಿಯೋ ರಿಪೇರಿ ಅಂಗಡಿ. ಹೋದ ವರ್ಷ ಹಳ್ಳಿ ಸಾಲೆಗಳಿಗೆ ಸರಕಾರದ ಟೀವಿ ಬಂದ ಮೇಲೆ ಅವುಗಳ ಯೋಗಕ್ಷೇಮ ನೋಡುವ ಕೆಲಸವೂ ಅವನಿಗೆ ಸಿಕ್ಕಿತ್ತು.

"ಖಾಲಾ, ಚಹಾ ಇಡು. ಸುದ್ದಿ ತಂದೀನಿ."

"ಮದಲ ಸುದ್ದಿ, ಆಮ್ಯಾಲ ಚಹಾ. ಮಚ್ಚಿಯಾಂವಂದ ಹೌದಿಲ್ಲೋ?"

ಗಲ್ಲದ ಮೇಲೆ ಕಡಲೆಕಾಳಿನಷ್ಟು ಮಚ್ಚೆಯಿದ್ದ ಒಬ್ಬ ನಟ ಟೀವಿಯ ನಾಟಕಗಳಲ್ಲಿ ಬರುತ್ತಿದ್ದ. ಅವನ ಹೆಸರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅವಂದ. ಇವತ್ತ ಹೊಸಾ ನಾಟಕ. ಅದರಾಗ ಅವ ಅಜ್ಜ ಆಗ್ಯಾನಂತ."

"ಹೋದ ವಾರ ಬಾಸಿಂಗ ಕಟ್ಟಿಕೊಂಡಾಂವ ಈ ವಾರ ಅಜ್ಜ ಆದನೇನ? ಭಾಳ ಅವಸರದ ಮನಿಷ್ಯಾ. ಬಾಣಂತಿ ಯಾರ ಆಗ್ಯಾರ?"

"ಮದಲ ಆ ದುಂಡ ಮಾರಿಯಾಕಿ ಅಂದಿದ್ರು. ಆಕಿಗೆ ಜ್ವರ ಬಂತಂತ. ಈಗ ಆ ತೆಳ್ಳನ್ನಾಕಿ."

"ಯಾರು, ಅತ್ತಿಗೆ ವಿಷಾ ಹಾಕಿದಾಕಿ? ಯಾ ಅಲ್ಲಾ! ಆಕಿ ಕೈಯಾಗ ಕೂಸು ಕೊಟ್ಟಾರ?"

ಜಿಲಾನಿ ನಕ್ಕ. ಆಮೇಲೆ ಇನ್ನೊಂದು ಸುದ್ದಿಯನ್ನು ಮೆಲ್ಲಗೆ ಹೇಳಿದ. "ಈ ತಿಂಗಳ ಕಡೀಕ ಟೀವಿ ಬಂದ್ ಖಾಲಾ. ಒಂದ ವರ್ಷಕ್ಕಂತ ಬಂದಿತ್ತು, ವರ್ಷ ಮುಗೀತು. ಪೆಟ್ಟಿಗಿ ಬಿಚ್ಚಿ ಒಯ್ತೀವಿ."

ಹುಸೇನಬಿಯ ಕೈಯಲ್ಲಿದ್ದ ಚಹಾದ ಬೋಗಣಿ ಒಲೆಯ ಮೇಲೆ ಕೂಡುವ ಮೊದಲೇ ಅರ್ಧದಲ್ಲಿ ನಿಂತಿತು. ಜಿಲಾನಿ ಅದನ್ನು ನಾಟಕದ ಹುಚ್ಚೆಂದು ತಿಳಿದ. ಊರೆಲ್ಲ ಹಾಗೆಯೇ ತಿಳಿದಿತ್ತು. ಕಾರಣ ಬೇರೆಯಿತ್ತು, ಮತ್ತು ಅದನ್ನು ಅವಳು ದೇವರ ಹೊರತು ಯಾರಿಗೂ ಹೇಳಿರಲಿಲ್ಲ.

ಬಬಲೇಶ್ವರದ ನೀಲಾಬಾಯಿ ತೀರಿಕೊಂಡ ತನ್ನ ತಾಯಿಯ ನಾಲ್ಕು ಸೀರೆಗಳನ್ನು ಕಳೆದ ದೀಪಾವಳಿಯಲ್ಲಿ ತಂದು ಹುಸೇನಬಿಯ ಮಡಿಲಿಗೆ ಹಾಕಿದ್ದಳು. ಮಗಳಿಗೆ ಮೊದಲ ಗರ್ಭ ನಿಂತಿತ್ತು. ಹುಟ್ಟುವ ಕೂಸು ಮುತ್ತಜ್ಜಿಯ ಸೀರೆಯ ಮೇಲೆ ಮಲಗಲಿ ಎಂಬ ಆಸೆ. ಹುಸೇನಬಿ ಬಿಸ್ಮಿಲ್ಲಾ ಎಂದು ಸೂಜಿ ಎತ್ತಿ ಎರಡು ತಿಂಗಳು ಹೊಲಿದಳು. ಇಳಕಲ್ಲ ಸೀರೆಯ ಕೆಂಪು ಬಿಳಿ ಹಲ್ಲಿನ ತೋಪತೆನಿ ಸೆರಗನ್ನು ನಟ್ಟನಡುವೆ ಇಟ್ಟಳು. ಮೂರು ಮೂಲೆ ಮುಚ್ಚಿದಳು, ನಾಲ್ಕನೆಯದನ್ನು ಬಿಟ್ಟಳು. ಅವಳ ತಾಯಿಯ ಕಾಲದಿಂದ ಅದು ರೂಢಿ. ಕೊನೆಯ ಮೂಲೆಯಲ್ಲಿ ಕೌದಿಯ ಮನೆಯಾಕೆಯೇ ಬಂದು ಒಂದು ಚಿಟಿಕೆ ಜೋಳ ಹಾಕಬೇಕು, ಆಮೇಲೆ ಹೊಲಿಗೆ. ಹೊದ್ದವರು ಹಸಿದು ಮಲಗಬಾರದು ಎಂಬುದು ಅದರ ಅರ್ಥ.

ಇನ್ನು ನೀಲಾಬಾಯಿಗೆ ಹೇಳಿ ಕಳಿಸಬೇಕು ಎನ್ನುವ ಹೊತ್ತಿಗೆ, ಆ ಚಳಿಗಾಲದಲ್ಲಿ, ನಾಟಕದವರು ಶೂಟಿಂಗಿಗೆಂದು ತಿಕೋಟಕ್ಕೇ ಬಂದರು. ಮಚ್ಚೆಯವನು ಅವಳ ಕಟ್ಟೆಯ ಮೇಲೆ ಕುಳಿತು ಅವಳ ಕೈಯ ಚಹಾ ಕುಡಿದ. "ಅವ್ವಾ, ಜ್ವರದ ರೋಗಿ ಆಗಬೇಕು. ಹೊದಿಯಾಕ ಒಂದು ಕೌದಿ ಕೊಡ್ತೀಯೇನ?" ಎಂದು ಕೇಳಿದ. ಅವಳ ಮನೆಯಲ್ಲಿದ್ದ ಅವಳದೇ ಕೌದಿ ಹರಿದು ಪದರ ಬಿಟ್ಟಿತ್ತು. ಅವನಂಥವನಿಗೆ ಅದನ್ನು ಹೊದಿಸುವುದು ಹೇಗೆ? ನೀಲಾಬಾಯಿಯ ಕೌದಿ ತೆಗೆದು ಕೊಟ್ಟಳು. "ಮೂಲಿ ಬಿಟ್ಟೈತೆಲ್ಲ" ಎಂದು ಅವನು ಬೆರಳಿಟ್ಟು ಕೇಳಿದಾಗ ಜೋಳದ ರೂಢಿಯನ್ನೂ ಹೇಳಿದಳು. ಬೆಳಕು ಹೋಗುತ್ತದೆಂದು ಅವರು ಗಡಿಬಿಡಿಯಲ್ಲಿ ಸಾಮಾನು ಕಟ್ಟಿದರು. ಪರದೆಗಳ ಜೊತೆ ಕೌದಿಯೂ ಸುತ್ತಿಕೊಂಡು ದೂರದ ಊರಿನ ಸ್ಟುಡಿಯೋಕ್ಕೆ ಹೋಯಿತು.

ನೀಲಾಬಾಯಿ ಬಸ್ಸಿನವರ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದಳು. ಎರಡು ಸಲವೂ ಹುಸೇನಬಿ ಒಂದೇ ಉತ್ತರ ಕೊಟ್ಟಳು: "ಒಂದ ಮೂಲಿ ಬಾಕಿ ಐತಿ ಅಂತ ಹೇಳ್ರಿ." ಮಾತು ಸುಳ್ಳಲ್ಲ. ಆದರೂ ಆ ಮಾತಾಡಿದ ದಿನ ನಮಾಜಿಗೆ ಕುಳಿತರೆ ಅವಳ ಹಣೆ ಚಾಪೆಗೆ ಭಾರವಾಗುತ್ತಿತ್ತು.

ಅಂದಿನಿಂದ ಅವಳು ಒಂದು ಸಂಜೆಯನ್ನೂ ಬಿಡಲಿಲ್ಲ. ಸಾಲೆಯ ಪಡಸಾಲೆಯಲ್ಲಿ ಹಣಮಂತರಾಯ ಮಾಸ್ತರರು ಟೀವಿಯ ಕಟ್ಟಿಗೆ ಬಾಗಿಲು ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿ ಗೋಣಿತಟ್ಟು ಹಾಸಿ ಕೂಡುತ್ತಿದ್ದಳು. ಪಕ್ಕದಲ್ಲಿ ಮಠದ ಗುರುಪಾದಯ್ಯ, ಅವರ ಹಿಂದೆ ಅವರ ಹೆಂಡತಿ ಕಾಶಿಬಾಯಿ. ಕೌದಿ ಮೊದಲು ಜ್ವರದವನ ಮೈಮೇಲೆ ಕಂಡಿತು. ಕೆಂಪು ಬಣ್ಣ ಟೀವಿಯಲ್ಲಿ ಕಪ್ಪಾಗಿತ್ತು, ಆದರೆ ಸೆರಗಿನ ಹಲ್ಲು ಎಣಿಸುವ ಹಾಗೆ ಇತ್ತು. ಮುಂದಿನ ತಿಂಗಳು ಇನ್ನೊಂದು ನಾಟಕದಲ್ಲಿ ಸಾಹುಕಾರನ ಜೋಕಾಲಿಯ ಮೇಲೆ ಕಂಡಿತು. ಆಮೇಲೆ ಸೊಸೆಯನ್ನು ಹೊರಹಾಕಿದ ಮನೆಯ ಹಗ್ಗದ ಮೇಲೆ ಒಣಗುತ್ತಿತ್ತು.

ಹೀಗೆ ಕೌದಿಯ ಬೆನ್ನು ಹತ್ತಿದ ಹುಸೇನಬಿಗೆ ಒಂದು ಊರು ಕಾಣತೊಡಗಿತು. ನಾಟಕ ಹತ್ತಾದರೂ ಊರು ಒಂದೇ. ಜ್ವರದವನ ಮನೆಯಿಂದ ಕೌದಿ ಸಾಹುಕಾರನ ಮನೆಗೆ ಹೋಗಿದೆ ಎಂದರೆ ಆ ಬಡವ ಅದನ್ನು ಅಡವಿಟ್ಟಿರಬೇಕು. ಸಾಹುಕಾರನ ಮನೆಯಿಂದ ಸೊಸೆಯ ಮನೆಗೆ ಹೋಗಿದೆ ಎಂದರೆ ಅವೆರಡೂ ಮನೆ ಬೀಗರು. ಒಂದು ನಾಟಕ ಬಿಟ್ಟ ಮಾತನ್ನು ಇನ್ನೊಂದು ನಾಟಕ ತುಂಬುತ್ತಿತ್ತು.

"ಮಂದಿ ಪಾತ್ರಾ ಮಾಡ್ತಾರ್ರಿ ಅಯ್ಯನೋರ" ಎನ್ನುತ್ತಿದ್ದಳು. "ಕೌದಿ ಮಾತ್ರ ತಂದ ಪಾತ್ರಾ ತಾನ ಮಾಡತೈತಿ."

ಅವಳು ಯಾವುದೋ ಸಾಮಾನಿನ ಗುರುತು ಹೇಳುತ್ತಿದ್ದಾಳೆ ಎಂದಷ್ಟೇ ಗುರುಪಾದಯ್ಯನವರು ತಿಳಿದಿದ್ದರು. ಪುರಾಣ ಹೇಳುವವರಾದ್ದರಿಂದ ಅವರಿಗೆ ಆ ವಿಚಾರ ಹಿಡಿಸಿತ್ತು. "ಖರೆ ಐತಿ ಹುಸೇನವ್ವ. ನಾರದ ಯಾ ಪುರಾಣದಾಗ ಇಲ್ಲ ಹೇಳು? ಅಲ್ಲಿ ಹಾಜರ, ಇಲ್ಲಿ ಹಾಜರ. ಕಥಿ ಬ್ಯಾರೆ, ಆಕಾಶ ಒಂದ."

"ನಮ್ಮ ದಾದಿ, ನಮ್ಮಪ್ಪನ ಅವ್ವ, ಹೇಳೂ ಕಥಿಯಾಗ ಖ್ವಾಜಾ ಖಿಜರ ಹಂಗ ಬರ್ತಿದ್ರು. ದಾರಿ ತಪ್ಪಿದಾವರು ಯಾವ ಕಥಿಯಾಗ ಇದ್ರೂ ಅವರ ಬಂದ ದಾರಿ ತೋರಸ್ತಿದ್ರು."

"ಹಂಗಾರ ನಾರದಗ ಖ್ವಾಜಾ ಎಲ್ಲೆರ ಭೆಟ್ಟಿ ಆಗಿರಬೇಕು."

ಹಿಂದಿನಿಂದ ಕಾಶಿಬಾಯಿ ಸಿಡುಕಿದಳು. "ಅವರ ಭೆಟ್ಟಿ ಇರ್ಲಿ. ಆ ಮಚ್ಚಿಯಾಂವ ಮೊನ್ನೆ ಸತ್ತ, ನಾ ಅತಗೊಂತ ರೊಟ್ಟಿ ಬಡೀಲಿಲ್ಲ. ಮರುದಿನ ಹೊಲದಾಗ ರಂಟಿ ಹೊಡೀಲಿಕ್ಕೆ ಬಂದ ನಿಂತಿದ್ದ. ಅವಂಗ ಕೇಳ್ರಿ, ನಂದೊಂದ ದಿನದ ಉಪಾಸ ಯಾರ ಲೆಕ್ಕಕ್ಕ ಅಂತ."

ಗಾಳಿ ಬೀಸಿದ ಆ ದಿನದ ಸಂಜೆ ಹುಸೇನಬಿ ಹೆದರಿದಂತೆಯೇ ಚಿತ್ರ ಕುಣಿಯಿತು. ಜಿಲಾನಿ ಮಾಳಿಗೆ ಏರಿ ಛತ್ರಿ ಹಿಡಿದು ನಿಂತ ಮೇಲೆ ನೆಟ್ಟಗಾಯಿತು. ಹೊಸ ನಾಟಕದಲ್ಲಿ ತೆಳ್ಳನೆಯವಳು ಬಾಣಂತಿಯಾಗಿ ಮಲಗಿದ್ದಳು. ಅತ್ತೆಗೆ ವಿಷ ಹಾಕಿದವಳ ಕಣ್ಣಲ್ಲಿ ಅಷ್ಟು ತಂಪು ಎಲ್ಲಿಂದ ಬಂತೋ ಎಂದು ಹುಸೇನಬಿ ಬೆರಗಾದಳು. ನಟರಿಗೂ ದೇವರು ಕರುಣೆಯ ಒಂದು ಚೀಲ ಬೇರೆ ಕಟ್ಟಿ ಕೊಟ್ಟಿರಬೇಕು, ಬೇಕಾದಾಗ ಬಿಚ್ಚಿಕೊಳ್ಳಲಿ ಎಂದು. ಮಚ್ಚೆಯವನು ಬಿಳಿ ಮೀಸೆ ಅಂಟಿಸಿಕೊಂಡು ಅಜ್ಜನಾಗಿ ಬಂದ. ನೆಲದ ಮೇಲೆ ಕೌದಿ ಹಾಸಿದ. ಅದೇ ಕೌದಿ. ಅದರ ಮೇಲೆ ಕೂಸನ್ನು ಮಲಗಿಸಿದ. ತೆರೆದ ಮೂಲೆ ಕೂಸಿನ ಪಾದದ ಹತ್ತಿರ ಬಾಯಿ ಬಿಟ್ಟುಕೊಂಡು ಬಿದ್ದಿತ್ತು.

ಹುಸೇನಬಿಗೆ ಮುಂದಿನ ನಾಟಕ ಕಾಣಲಿಲ್ಲ. ಯಾರ ಕೂಸೋ ಬಂದು, ಇನ್ನೂ ಹುಟ್ಟದ ಕೂಸಿನ ಹಾಸಿಗೆಯಲ್ಲಿ ಮಲಗಿತ್ತು. ಆ ಕೂಸಿನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆದರೆ ಬಬಲೇಶ್ವರದ ಕೂಸಿಗೆ ಏನು ಹೇಳುವುದು? ಒಂದು ಮೂಲೆ ಬಾಕಿ ಐತಿ ಎಂದು ಅದಕ್ಕೂ ಹೇಳಿ ಕಳಿಸುವುದೇ? ಇನ್ನು ಹದಿನೈದು ದಿನಕ್ಕೆ ಟೀವಿ ಹೋದರೆ ಕೌದಿಯ ಕುರುಹೂ ಹೋಗುತ್ತದೆ. ಹೋದ ಮೇಲೆ ಹೇಳಿದರೆ ಅದು ಕಳೆದುಕೊಂಡವಳ ಮಾತಾಗುತ್ತದೆ, ಒಪ್ಪಿಕೊಂಡವಳ ಮಾತಾಗುವುದಿಲ್ಲ.

ಮರುದಿನ ಅವಳು ಮೊದಲ ಬಸ್ಸಿಗೆ ಬಬಲೇಶ್ವರಕ್ಕೆ ಹೋದಳು. ಕೈಯಲ್ಲಿ ನಾಲ್ಕು ಸೀರೆಗಳಲ್ಲಿ ಉಳಿದ ಚೂರುಗಳ ಗಂಟು ಮಾತ್ರ ಇತ್ತು. ನೀಲಾಬಾಯಿ ಬಾಗಿಲಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗೆ ತುಂಬಿದ ಗರ್ಭಿಣಿ ಮಗಳು ಗೋಡೆಗೊರಗಿ ಕುಳಿತಿದ್ದಳು. ಹುಸೇನಬಿ ಹೊಸ್ತಿಲ ಹೊರಗೇ ಕುಳಿತು, ಶೂಟಿಂಗಿನ ದಿನದಿಂದ ನಿನ್ನೆಯ ಸಂಜೆಯವರೆಗೆ ಒಂದೂ ಬಿಡದೆ ಹೇಳಿದಳು. ಹೇಳಿ ಮುಗಿಸಿ ತಲೆ ಎತ್ತಲಿಲ್ಲ.

ಮೊರ ನಿಂತಿತು. "ಗೊತ್ತೈತಿ" ಎಂದಳು ನೀಲಾಬಾಯಿ.

"ಗೊತ್ತೈತಿ ಅಂದ್ರ?"

"ನಮ್ಮೂರ ಸಾಲ್ಯಾಗೂ ಟೀವಿ ಐತೆಲ್ಲ ಹುಸೇನಕ್ಕ. ನಮ್ಮವ್ವನ ಸೆರಗ ನಾ ಗುರ್ತ ಹಿಡ್ಯಾಂಗಿಲ್ಲ? ಮದಲ ಸಲ ಕಂಡಾಗ ಮರುದಿನ ನಿನ್ನ ಜಡಿ ಹಿಡದ ಕೇಳಬೇಕಂತ ಚಪ್ಪಲಿ ಮೆಟ್ಟಿದ್ದೆ."

"ಬರಬೇಕಿತ್ತಲ್ಲ ಯವ್ವಾ. ನನಗೂ ಹಗುರಾಗ್ತಿತ್ತು."

ನೀಲಾಬಾಯಿ ಮೊರದೊಳಗಿನ ಒಂದು ಕಲ್ಲು ಆರಿಸಿ ಎಸೆದಳು. "ನಮ್ಮವ್ವ ಹುಟ್ಟಿದಾಗಿಂದ ಈ ಓಣಿ ಬಿಟ್ಟ ವಿಜಾಪುರ ಸೈತ ನೋಡಿದಾಕಿ ಅಲ್ಲ. ಸತ್ತ ಮ್ಯಾಲ ಯಾರ್ಯಾರ ಮನಿಗೋ ಹೊಂಟಾಳ. ಜ್ವರ ಬಂದಾಂವಗ ಹೊದಿಕಿ ಆದ್ಲು. ನಿನ್ನಿ ಕೂಸಿಗೆ ಹಾಸಿಗಿ ಆದ್ಲು. ಸಂಜೀಕ ನಾ ಹೋಗಿ ಕುಂತ್ರ, ಇವತ್ತ ಅವ್ವ ಬರ್ತಾಳೋ ಇಲ್ಲೋ ಅಂತ ಜೀವ ಹೊಡಕೋತಿತ್ತು. ನಾ ಬಂದ ಕೇಳಿದ್ರ ನೀ ಹ್ಯಾಂಗರ ಮಾಡಿ ತರಸತಿದ್ದಿ. ಆಮ್ಯಾಲ ಅವ್ವ ಬರ್ತಿದ್ದಿಲ್ಲ."

ಒಳಗಿನಿಂದ ಮಗಳು, "ಸಾಹುಕಾರ ಅದನ್ನ ಜೋಕಾಲಿ ಮ್ಯಾಲ ಹಾಕಿ ಅದರ ಮ್ಯಾಲ ಕುಂತಿದ್ದ. ಅವತ್ತ ಈ ಅವ್ವ ಮನಿಗೆ ಬಂದು ಅವಂಗ ಬೈದಿದ್ದು ಬೈದಿದ್ದ" ಎಂದು ನಕ್ಕಳು.

ನೀಲಾಬಾಯಿ ನಗಲಿಲ್ಲ. "ಆದ್ರ ನೀ ಬಂದ ಹೇಳ್ತಿ ಅಂತ ದಾರಿ ನೋಡಿದ್ದಂತೂ ಖರೆ ಅಕ್ಕ. ಎಷ್ಟ ದಿನ ಒಂದ ಮೂಲಿ ಬಾಕಿ ಅಂತೀ ನೋಡೂಣಂತ. ಈಗ ಇಕಿಗೆ ದಿನಾ ತುಂಬ್ಯಾವ. ಈಗ ನನಗ ಅದು ಮನ್ಯಾಗ ಬೇಕು."

"ತಂದ ಕೊಡ್ತೀನಿ" ಎಂದಳು ಹುಸೇನಬಿ. ಹೇಗೆಂದು ಅವಳಿಗೇ ಗೊತ್ತಿರಲಿಲ್ಲ.

ಅವತ್ತೇ ಇಬ್ರಾಹಿಂಪುರಕ್ಕೆ ಹೋಗಿ ಜಿಲಾನಿಯ ಮುಂದೆಯೂ ಎಲ್ಲ ಹೇಳಿದಳು. "ಆರ ತಿಂಗಳ ಇದನ್ನ ಹೊಟ್ಟ್ಯಾಗ ಇಟಗೊಂಡ ಕುಂತೀಯೇನ? ನಾನೇನ ಬರೇ ಪಾತ್ರದ ಸುದ್ದಿ ತರಾಕ ಅದೀನೇನ?" ಎಂದು ಅವನು ಬೈದ. ಬೈದು, ಸ್ಟುಡಿಯೋದ ಜೀಪು ವಿಜಾಪುರಕ್ಕೆ ಬಂದ ದಿನ ಅದರವರ ಕೈಯಲ್ಲಿ ಚೀಟಿ ಬರೆದು ಕಳಿಸಿದ.

ತಿಂಗಳ ಕೊನೆಯ ಸಂಜೆ ಗಾಳಿ ನಿಂತು ಸಣ್ಣ ಮಳೆ ಹನಿಯುತ್ತಿತ್ತು. ಟೀವಿಯ ಕೊನೆಯ ದಿನವೆಂದು ಪಡಸಾಲೆ ತುಂಬಿತ್ತು. ಹುಸೇನಬಿ ಹೇಳಿ ಕಳಿಸಿದ್ದರಿಂದ ನೀಲಾಬಾಯಿಯೂ ಬಂದು ಅವಳ ಗೋಣಿತಟ್ಟಿನ ಮೇಲೆ ಕುಳಿತಳು. ಆ ದಿನ ಮಚ್ಚೆಯವನು ಬರಲಿಲ್ಲ. ಹೊಲಕ್ಕೆ ಗೊಬ್ಬರ ಹಾಕುವುದನ್ನು ತೋರಿಸಿದರು, ಹಾಡು ಹಾಡಿಸಿದರು. ಆಮೇಲೆ ಪರದೆಯ ಮೇಲೆ ಬರಿಯ ಬಿಳಿ ಚುಕ್ಕೆಗಳು ಕುದಿಯತೊಡಗಿದವು. ಇನ್ನೂ ಏನಾದರೂ ಬಂದೀತೆಂದು ಮಂದಿ ಕುಳಿತೇ ಇದ್ದರು. ಹಣಮಂತರಾಯ ಮಾಸ್ತರರು ಕಟ್ಟಿಗೆ ಬಾಗಿಲು ಮುಚ್ಚಿ, ಕೀಲಿಯನ್ನು ಜಿಲಾನಿಯ ಕೈಗಿಟ್ಟರು. "ಅವರೆಲ್ಲಾ ಈಗ ಎಲ್ಲಿ ಹೋದರ್ರಿ?" ಎಂದು ಕಾಶಿಬಾಯಿ ಗಂಡನನ್ನು ಕೇಳಿದಳು. ಗುರುಪಾದಯ್ಯನವರು, "ಪುಸ್ತಕ ಮುಚ್ಚಿದ್ರ ನಾರದ ಎಲ್ಲಿ ಹೊಕ್ಕಾನ? ಅಲ್ಲೇ ಇರ್ತಾನ" ಎಂದರು.

ಮಂದಿ ಕರಗಿದ ಮೇಲೆ ಜಿಲಾನಿ ಜೀಪಿನಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟು ತಂದು ಖಾಲಾಳ ಮುಂದಿಟ್ಟ. ಕೌದಿಯನ್ನು ಒಗೆದು ಮಡಿಸಿದ್ದರು. ನಾಲ್ಕನೆಯ ಮೂಲೆಯ ಎಳೆ ಬಿಚ್ಚದಂತೆ ಯಾರೋ ಒಂದು ಪಿನ್ನು ಚುಚ್ಚಿದ್ದರು.

"ಅಲ್ಲಿ ದರ್ಜಿ ಒಂದೆರಡ ಸಲ ಹೊಲಿಯಾಕ ಹ್ವಾದನಂತ. ಮಚ್ಚಿಯಾಂವ ಬಿಡಲಿಲ್ಲಂತ. ಮನಿಯಾಕಿ ಬಂದ ಜೋಳಾ ಹಾಕಬೇಕು, ತಿಕೋಟದ ಮುದುಕಿ ಹೇಳ್ಯಾಳ ಅಂದನಂತ."

"ಮುದುಕಿ ಅಂದನೇನ? ಎರಡ ಸಲ ಚಹಾ ಕುಡದ!"

ನೀಲಾಬಾಯಿ ಈಗ ನಕ್ಕಳು. ನಗುತ್ತಲೇ ಸೆರಗಿನ ತುದಿಯ ಗಂಟು ಬಿಚ್ಚಿದಳು. ಬಬಲೇಶ್ವರದಿಂದಲೇ ಕಟ್ಟಿಕೊಂಡು ಬಂದಿದ್ದ ಜೋಳ. ಪಿನ್ನು ತೆಗೆದು, ಒಂದು ಚಿಟಿಕೆಯನ್ನು ಮೂಲೆಯೊಳಗೆ ಬಿಟ್ಟಳು. ಹುಸೇನಬಿ ಪಡಸಾಲೆಯ ದೀಪಕ್ಕೆ ಸೂಜಿ ಹಿಡಿದು ದಾರ ಪೋಣಿಸಿ, ಬಿಸ್ಮಿಲ್ಲಾ ಎಂದು ಹೊಲಿಯತೊಡಗಿದಳು. ಆರು ತಿಂಗಳ ಬಾಕಿಗೆ ಹನ್ನೊಂದೇ ಹೊಲಿಗೆ ಸಾಕಾಯಿತು. ಎಳೆಯನ್ನು ಹಲ್ಲಿನಿಂದ ಕಡಿದು, ಸೆರಗಿನ ಹಲ್ಲುಗಳು ಮೇಲೆ ಕಾಣುವಂತೆ ಕೌದಿ ಮಡಿಸಿ, ನೀಲಾಬಾಯಿಯ ಮಡಿಲಲ್ಲಿಟ್ಟಳು.